1966ರ ಎಂಜಿಬಿ ಮತ್ತು ಕಲಾಸಿಪಾಳ್ಯದ ಒಂದು ಗ್ಯಾರೇಜು: ಹದಿನಾಲ್ಕು ತಿಂಗಳ ಸರ್ವಿಸ್ ಅನುಭವ

ಒಂದೂವರೆ ವರ್ಷದ ಹಿಂದೆ ನಾನು 1966ರ ಎಂಜಿಬಿ ರೋಡ್‌ಸ್ಟರ್ ಎಂಬ ಇಂಗ್ಲೆಂಡಿನ ತೆರೆದ ಸ್ಪೋರ್ಟ್ಸ್ ಕಾರೊಂದನ್ನು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಮನೆಯಿಂದ ಕೊಂಡು ಬಸವನಗುಡಿಗೆ ತಂದೆ. ಅದಕ್ಕೆ ಮೊದಲು ನನ್ನ ಬಳಿ ಇದ್ದವೆಲ್ಲ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಕಂಪನಿಯ ಸರ್ವಿಸ್ ಸೆಂಟರಿಗೆ ಬಿಟ್ಟು ಸಂಜೆ ತೊಳೆದು ಕೊಟ್ಟಾಗ ಮನೆಗೆ ತರುವ ಸಾಧಾರಣ ಕಾರುಗಳು. ಹಳೆಯ ಸ್ಪೋರ್ಟ್ಸ್ ಕಾರಿನ ನಿತ್ಯದ ಆರೈಕೆ ಹೇಗಿರುತ್ತದೆ, ಅದನ್ನು ಯಾರ ಕೈಗೆ ಒಪ್ಪಿಸಬೇಕು, ಎಷ್ಟನ್ನು ನಾವೇ ಮಾಡಿಕೊಳ್ಳಬಹುದು ಎಂಬುದನ್ನು ನನಗೆ ಕಲಿಸಿದ್ದು ಕಲಾಸಿಪಾಳ್ಯ ಮತ್ತು ಜೆ.ಸಿ. ರಸ್ತೆಯ ನಡುವಿನ ಓಣಿಯೊಂದರಲ್ಲಿರುವ ಚಿಕ್ಕ ಗ್ಯಾರೇಜು. ಅಲ್ಲಿ ಹದಿನಾಲ್ಕು ತಿಂಗಳಿಂದ ಪಡೆದ ಸೇವೆಯ ವಿಮರ್ಶೆ ಇದು. ಗ್ಯಾರೇಜಿನ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಯಜಮಾನರೇ ಬೇಡವೆಂದಿದ್ದಾರೆ. ಒಮ್ಮೆಗೆ ಮೂರು ಕಾರುಗಳಿಗಿಂತ ಹೆಚ್ಚು ನಿಲ್ಲಿಸಲು ಅವರಲ್ಲಿ ಜಾಗವಿಲ್ಲ, ಬಂದವರನ್ನು ಹಿಂದಕ್ಕೆ ಕಳುಹಿಸುವುದು ಅವರಿಗೆ ಇಷ್ಟವಿಲ್ಲ. ಆದರೆ ಅಂಥ ಗ್ಯಾರೇಜನ್ನು ಗುರುತಿಸುವುದು ಹೇಗೆ ಎಂಬುದು ಈ ಬರಹದಿಂದ ತಿಳಿದರೆ ಹೆಸರಿನ ಅಗತ್ಯ ಅಷ್ಟಾಗಿ ಬೀಳಲಾರದು.

ಇಲ್ಲಿಗೆ ಬರುವ ಮೊದಲು ನಗರದ ಹೊರವಲಯದ ಬೇರೊಂದು ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಕಳೆದುಕೊಂಡೆ. ಅದು ವಿಶಾಲವಾಗಿತ್ತು, ಚೊಕ್ಕಟವಾಗಿತ್ತು, ಕಾರನ್ನು ಎತ್ತಲು ಎರಡು ಲಿಫ್ಟ್‌ಗಳಿದ್ದವು. ಅಲ್ಲಿ ಇಂಜಿನ್ನಿಗೆ ಹೊಸ ಕಾರುಗಳಿಗೆ ಹಾಕುವ 5ಡಬ್ಲ್ಯೂ-30 ಎಂಬ ತೆಳು ಸಿಂಥೆಟಿಕ್ ಆಯಿಲ್ ತುಂಬಿದರು. ಬೆಲೆ ಹೆಚ್ಚಿನದು, ಆದ್ದರಿಂದ ಒಳ್ಳೆಯದು ಎಂದು ನಾನೂ ನಂಬಿದೆ. ವಾರದೊಳಗೆ ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಅಂಗೈ ಅಗಲದ ಎಣ್ಣೆಯ ಕಲೆಗಳು ಬಿದ್ದವು, ಇಂಜಿನ್ ಬಿಸಿಯಾಗಿ ಐಡಲಿನಲ್ಲಿ ನಿಂತಾಗ ಆಯಿಲ್ ಪ್ರೆಶರ್ ಮುಳ್ಳು 10ಕ್ಕಿಂತ ಕೆಳಗಿಳಿಯತೊಡಗಿತು. ಅದಕ್ಕಿಂತ ದೊಡ್ಡ ತಪ್ಪು ಬ್ಯಾಟರಿಯದು. ಎಂಜಿಬಿ ಕಾರುಗಳಲ್ಲಿ 1967ರವರೆಗೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ 'ಅರ್ತ್' ಆಗಿ ಜೋಡಿಸಿರುತ್ತಿದ್ದರು. ಇಂದಿನ ಕಾರುಗಳಿಗೆ ತದ್ವಿರುದ್ಧ. ಸೀಟುಗಳ ಹಿಂದೆ ಮುಚ್ಚಳದ ಕೆಳಗಿರುವ ಎರಡು 6 ವೋಲ್ಟ್ ಬ್ಯಾಟರಿಗಳನ್ನು ತೆಗೆದು ಒಂದು 12 ವೋಲ್ಟ್ ಬ್ಯಾಟರಿ ಕೂರಿಸುವಾಗ ಹುಡುಗನೊಬ್ಬ ರೂಢಿಯಂತೆ ನೆಗೆಟಿವ್ ತಂತಿಯನ್ನು ಕಾರಿನ ಮೈಗೆ ಕಟ್ಟಿದ. ಹಿಂದಿನ ಮಾಲೀಕರು ಹಾಕಿಸಿದ್ದ ರೇಡಿಯೊ ಅಲ್ಲೇ ಸುಟ್ಟುಹೋಯಿತು. ಕಾಯಿಲ್‌ನ ಧ್ರುವಗಳು ಅದಲುಬದಲಾಗಿ, ಪೆಟ್ರೋಲ್ ಹೊತ್ತಿಸುವ ಕಿಡಿಯ ಬಲ ಕುಗ್ಗಿತು. ಕಾರು ಸ್ಟಾರ್ಟ್ ಆಗುತ್ತಿದ್ದುದರಿಂದ ತಿಂಗಳ ಕಾಲ ಯಾರಿಗೂ ಇದು ಗೊತ್ತಾಗಲಿಲ್ಲ.

ಕಲಾಸಿಪಾಳ್ಯದ ಗ್ಯಾರೇಜನ್ನು ನನಗೆ ತೋರಿಸಿಕೊಟ್ಟವರು ಜೆ.ಸಿ. ರಸ್ತೆಯಲ್ಲಿ ಗ್ಯಾಸ್ಕೆಟ್ ಮಾರುವ ಅಂಗಡಿಯವರು. ಯಜಮಾನರು ನಲವತ್ತು ವರ್ಷಗಳಿಂದ ಅಂಬಾಸಿಡರ್ ಟ್ಯಾಕ್ಸಿಗಳ ಕೆಲಸ ಮಾಡಿದವರು. ಬಾನೆಟ್ ಎತ್ತಿದ ಕೂಡಲೇ ಅವರು ಹೇಳಿದ್ದು ಒಂದೇ ಮಾತು: "ಇದು ನಮ್ಮ ಅಂಬಾಸಿಡರ್ ಇಂಜಿನ್ನಿನ ದೊಡ್ಡಣ್ಣ ಸಾರ್." ಆ ಮಾತು ಅಕ್ಷರಶಃ ನಿಜ. ಉತ್ತರಪಾರಾದ ಕಾರ್ಖಾನೆಯಿಂದ ಬರುತ್ತಿದ್ದ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಎಂಜಿಬಿಯ 1798 ಸಿಸಿ ಇಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತಾದರೂ ಅದರ ಟ್ಯಾಪೆಟ್ (ವಾಲ್ವುಗಳ ಮೇಲಿನ ಸಂದು) ಹೊಂದಿಸಿ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿವಿಯಿಂದಲೇ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಡಿಯುತ್ತಿದ್ದ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಮೊದಲ ಸಲ ಇಂಥ ಕಾರು ಕೊಳ್ಳುವವರು ವಿದೇಶಿ ಸ್ಪೋರ್ಟ್ಸ್ ಕಾರಿನ ತಜ್ಞರನ್ನು ಹುಡುಕಿ ಅಲೆಯುವ ಮೊದಲು ಇಂಥವರನ್ನು ಹುಡುಕುವುದು ಲೇಸೆಂದು ನನ್ನ ಖಚಿತ ಅಭಿಪ್ರಾಯ.

ಅವರು ಮೊದಲ ದಿನ ಸ್ಪ್ಯಾನರನ್ನೇ ಮುಟ್ಟಲಿಲ್ಲ. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆರೆದು, ಕಾರಿನ ಹೆಸರಿಗೆ ನಾಲ್ಕು ಹಾಳೆ ಬಿಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಾಲ್‌ಬಾಗ್ ಸುತ್ತ ಎರಡು ಸುತ್ತು ಓಡಿಸಿದರು. ಹಿಂದಿರುಗಿದ ಮೇಲೆ ಆಯಿಲ್ ಪ್ರೆಶರ್, ನೀರಿನ ಉಷ್ಣತೆ, ಬ್ರೇಕ್ ಪೆಡಲ್ ಎಷ್ಟು ಕೆಳಗಿಳಿಯುತ್ತದೆ ಎಂಬುದು, ನಾಲ್ಕು ಟೈರುಗಳ ಪಕ್ಕದ ಮೇಲಿನ ತಯಾರಿಕೆಯ ಅಂಕಿ, ಇವಿಷ್ಟನ್ನೂ ಬರೆದುಕೊಂಡರು. ಟೈರಿನ ಅಂಕಿಯನ್ನು ಓದುವುದು ನನಗೆ ಆಗಲೇ ತಿಳಿದದ್ದು: ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. ನನ್ನ ಕಾರಿನಲ್ಲಿದ್ದದ್ದು 2309, ಅಂದರೆ 2009ರ 23ನೆಯ ವಾರ. ಟೈರಿನ ಮೇಲ್ಮೈಯ ಗೆರೆಗಳು ಚೆನ್ನಾಗಿ ಉಳಿದಿದ್ದರೂ ರಬ್ಬರು ಗಡಸಾಗಿತ್ತು. ಟೈರು ಬದಲಾಯಿಸುವವರೆಗೆ ಬೇರೆ ಯಾವ ಕೆಲಸವನ್ನೂ ಹಿಡಿಯುವುದಿಲ್ಲವೆಂದು ಅವರು ಹೇಳಿದಾಗ ನನಗೆ ಸ್ವಲ್ಪ ಬೇಸರವಾಗಿತ್ತು. ಹೊಸ ಟೈರಿನ ಮೇಲೆ ಮೊದಲ ಸಲ ಜೋರಾಗಿ ಬ್ರೇಕ್ ಹಾಕಿದ ದಿನ ಅದು ಕೃತಜ್ಞತೆಯಾಗಿ ಬದಲಾಯಿತು.

ಅವರ ಸರ್ವಿಸಿನ ಕ್ರಮವನ್ನು ಕೊಂಚ ವಿವರವಾಗಿ ಹೇಳಬೇಕು. ಇಂಜಿನ್ ತಣ್ಣಗಿರುವಾಗಲೇ ಟ್ಯಾಪೆಟ್ ಹೊಂದಿಸಬೇಕೆಂಬುದು ಅವರ ಕಟ್ಟುನಿಟ್ಟು, ಆದ್ದರಿಂದ ಕಾರನ್ನು ಹಿಂದಿನ ಸಂಜೆಯೇ ಬಿಟ್ಟುಬರಬೇಕು. ಬೆಳಿಗ್ಗೆ ಎಂಟಕ್ಕೆ ಪ್ಲಗ್ಗುಗಳನ್ನು ಬಿಚ್ಚಿ, ಟಾಪ್ ಗೇರಿನಲ್ಲಿ ಕಾರನ್ನು ಅಂಗುಲ ಅಂಗುಲವಾಗಿ ತಳ್ಳಿ ಇಂಜಿನ್ ತಿರುಗಿಸುತ್ತಾರೆ. ಒಟ್ಟು ಎಂಟು ವಾಲ್ವುಗಳು. ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು ಹೊಂದಿಸಬೇಕು, ಎರಡೂ ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ಈ ಲೆಕ್ಕವನ್ನು ಅವರು ನನ್ನ ಕೈಗೆ ಸಂದು ಅಳೆಯುವ ಫೀಲರ್ ಗೇಜ್ ಕೊಟ್ಟೇ ಕಲಿಸಿದರು. ಸಂದು 15 ಥೌ, ಅಂದರೆ ಅಂಗುಲದ ಸಾವಿರದಲ್ಲಿ 15 ಭಾಗ ಇರಬೇಕು, ಸುಮಾರು 0.38 ಮಿಲಿಮೀಟರ್. ಗೇಜಿನ ಎಲೆ ಸಂದಿಯಲ್ಲಿ ಸರಿಯುವಾಗ ಬೆಣ್ಣೆಯಲ್ಲಿ ಚಾಕು ಎಳೆದಂತೆ ಇರಬೇಕು, ಸಡಿಲವೂ ಅಲ್ಲ, ಬಿಗಿಯೂ ಅಲ್ಲ. ಟ್ಯಾಪೆಟ್ ಕಟಕಟ ಎನ್ನುವುದು ಕಿವಿಗೆ ಕಿರಿಕಿರಿಯೆಂದು ಹಿಂದಿನ ವರ್ಕ್‌ಶಾಪಿನವರು ಅದನ್ನು ಬಿಗಿ ಮಾಡಿದ್ದರಂತೆ. ಸಂದು ಕಡಿಮೆಯಾದರೆ ಎಕ್ಸಾಸ್ಟ್ ವಾಲ್ವು ಸರಿಯಾಗಿ ಮುಚ್ಚಿಕೊಳ್ಳದೆ ಸುಡುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದು ಮಾಡದ ಟ್ಯಾಪೆಟ್ ಅಪಾಯಕಾರಿ ಎಂಬುದು ಹೊಸ ಕಾರುಗಳ ರೂಢಿಯಿದ್ದ ನನಗೆ ಹೊಸ ವಿಷಯವಾಗಿತ್ತು.

ಅದಾದ ಮೇಲೆ ಡಿಸ್ಟ್ರಿಬ್ಯೂಟರ್. ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟುಗಳ ಮುಖವನ್ನು ನೋಡಿ, ಗುಳಿ ಬಿದ್ದಿದ್ದರೆ ಬದಲಾಯಿಸಿ, ಸಂದನ್ನು ಮತ್ತೆ 15 ಥೌಗೆ ಹೊಂದಿಸಿ, ಕ್ಯಾಮ್ ಮೇಲೆ ಬೆಂಕಿಕಡ್ಡಿಯ ತುದಿಯಷ್ಟು ಗ್ರೀಸ್ ಹಚ್ಚುತ್ತಾರೆ. ಪ್ಲಗ್ಗಿನ ಸಂದು 25 ಥೌ. ಇವೆಲ್ಲ ಮುಗಿದ ಮೇಲೆಯೇ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿಗೆ ಕೈ. ಈ ಅನುಕ್ರಮವನ್ನು ಒತ್ತಿ ಹೇಳಲು ಕಾರಣವಿದೆ: ಪಿಕಪ್ ಇಲ್ಲವೆಂದ ಕೂಡಲೇ ಕಾರ್ಬ್ಯುರೇಟರ್ ಬಿಚ್ಚುವ ಮೆಕ್ಯಾನಿಕ್ಕುಗಳೇ ಹೆಚ್ಚು, ಆದರೆ ಕಾರ್ಬ್ಯುರೇಟರಿನದೆಂದು ಕಾಣುವ ದೋಷಗಳಲ್ಲಿ ಎಷ್ಟೋ ವಾಸ್ತವದಲ್ಲಿ ಇಗ್ನಿಷನ್ನಿನವು, ಅಂದರೆ ಕಿಡಿಯ ವ್ಯವಸ್ಥೆಯವು, ಮತ್ತು ಒಮ್ಮೆ ಕೆಡಿಸಿದ ಜೋಡಿ ಕಾರ್ಬ್ಯುರೇಟರನ್ನು ಮರಳಿ ಸರಿಗೂಡಿಸುವುದು ಅರ್ಧ ದಿನದ ಕೆಲಸ.

ಎಂಜಿಬಿಯಲ್ಲಿರುವುದು ಎರಡು ಎಸ್‌ಯು ಕಾರ್ಬ್ಯುರೇಟರುಗಳು. ಅವುಗಳ ರಚನೆ ಬಹಳ ಸರಳ: ಗಾಳಿಯ ಸೆಳೆತಕ್ಕೆ ತಕ್ಕಂತೆ ಪಿಸ್ಟನ್ನೊಂದು ಮೇಲೇಳುತ್ತದೆ, ಅದಕ್ಕೆ ಅಂಟಿಕೊಂಡ ಚೂಪಾಗುತ್ತ ಹೋಗುವ ಸೂಜಿ ಜೆಟ್ ಎಂಬ ರಂಧ್ರದಿಂದ ಅಷ್ಟಷ್ಟೇ ಹೊರಬಂದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಪಿಸ್ಟನ್ ಒಮ್ಮೆಲೇ ಹಾರದಂತೆ ತಡೆಯಲು ಮೇಲಿನ ಕೊಳವೆಯಲ್ಲಿ ಸ್ವಲ್ಪ ಎಣ್ಣೆ ಇರಬೇಕು. ಆ ಎಣ್ಣೆ ಒಣಗಿದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಗ್ಗರಿಸುತ್ತದೆ. ತಿಂಗಳಿಗೊಮ್ಮೆ ಕಪ್ಪು ಮುಚ್ಚಳವನ್ನು ತಿರುಗಿಸಿ ತೆಗೆದು ನಾಲ್ಕು ಹನಿ ಎಣ್ಣೆ ಬಿಡುವುದು ಯಾವ ಮಾಲೀಕನೂ ಮಾಡಬಹುದಾದ ಕೆಲಸ. ಹಿಂದೆ ನನ್ನ ಕಾರು ಮುಗ್ಗರಿಸುತ್ತಿದ್ದುದಕ್ಕೆ ಕಾರ್ಬ್ಯುರೇಟರ್ ಓವರ್‌ಹಾಲ್ ಮಾಡಿಸಬೇಕೆಂದು ಇಪ್ಪತ್ತೆರಡು ಸಾವಿರ ರೂಪಾಯಿಯ ಅಂದಾಜು ಕೊಟ್ಟಿದ್ದರು. ಯಜಮಾನರು ಎರಡೂ ಕೊಳವೆಗಳಿಗೆ ಎಣ್ಣೆ ಬಿಟ್ಟು ದೋಷವನ್ನು ಮುಗಿಸಿದರು.

ಎರಡು ಕಾರ್ಬ್ಯುರೇಟರುಗಳೂ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯುತ್ತಿವೆಯೇ ಎಂದು ನೋಡಲು ಅವರು ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು ಬುಸುಗುಟ್ಟುವ ಸದ್ದನ್ನು ಹೋಲಿಸುತ್ತಾರೆ. ಬಳಿಕ ಮಿಶ್ರಣದ ಪರೀಕ್ಷೆ. ಪಿಸ್ಟನ್ನನ್ನು ಪಕ್ಕದ ಪಿನ್ನಿನಿಂದ ಕೂದಲೆಳೆಯಷ್ಟು ಎತ್ತಿದಾಗ ಇಂಜಿನ್ನಿನ ವೇಗ ಕ್ಷಣಮಾತ್ರ ಏರಿ ಮತ್ತೆ ಮೊದಲಿನಂತಾದರೆ ಸರಿ. ಏರಿದ್ದು ಏರಿಯೇ ಉಳಿದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಇಳಿದು ಬಂದ್ ಆಗುವಂತಾದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಕೆಳಗಿನ ಆರುಮೂಲೆಯ ನಟ್ಟನ್ನು ಮೇಲೇರಿಸಿದರೆ ಪೆಟ್ರೋಲ್ ಕಡಿಮೆ, ಕೆಳಗಿಳಿಸಿದರೆ ಹೆಚ್ಚು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು. ಕರಾವಳಿಯಲ್ಲಿ ಸರಿಯಾಗಿ ಹೊಂದಿಸಿದ ಕಾರು ಘಟ್ಟ ಹತ್ತಿ ಬಂದರೆ ಸ್ವಲ್ಪ ರಿಚ್ ಆಗಿ, ಪ್ಲಗ್ಗುಗಳ ಮೇಲೆ ಮಸಿ ಕಟ್ಟುತ್ತದೆ. ಕೈಪಿಡಿಯ ಅಂಕಿಗಳನ್ನೇ ವೇದವಾಕ್ಯವೆಂದು ಹಿಡಿಯದೆ ಪ್ಲಗ್ಗಿನ ಬಣ್ಣವನ್ನು ನೋಡಿ ನಟ್ಟನ್ನು ತಿರುಗಿಸುವ ಈ ವಿವೇಕವನ್ನು ನಾನು ಗ್ಯಾರೇಜಿನ ದೊಡ್ಡ ಗುಣವೆಂದು ಎಣಿಸುತ್ತೇನೆ.

ಗಾಳಿಯಂತೆ ನೀರೂ ಈ ಎತ್ತರದಲ್ಲಿ ಬೇರೆ ರೀತಿ ವರ್ತಿಸುತ್ತದೆ. ತೆರೆದ ಪಾತ್ರೆಯಲ್ಲಿ ಅದು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರು ಸವೆದು ಒತ್ತಡ ಹಿಡಿಯದಿದ್ದರೆ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಬಿಸಿ ಏರಿ ನೀರು ಹೊರಚೆಲ್ಲುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ನನ್ನ ಕಾರು ಹಾಗೆ ಎರಡು ಸಲ ರಸ್ತೆ ಮಧ್ಯೆ ನಿಂತಿತು. ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವಂತೆ ಹಲವರು ಸಲಹೆ ಮಾಡಿದ್ದರು. ಯಜಮಾನರು ಅದನ್ನು ಒಪ್ಪಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಮೂರು: ಟೈಮಿಂಗನ್ನು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿದ್ದರು, ಮುಚ್ಚಳ ಸತ್ತಿತ್ತು, ರೇಡಿಯೇಟರಿನ ಕೊಳವೆಗಳಲ್ಲಿ ಮೂರರಲ್ಲೊಂದು ಪಾಲು ಕಟ್ಟಿಕೊಂಡಿತ್ತು. ಪಕ್ಕದ ಓಣಿಯ ರೇಡಿಯೇಟರ್ ಅಂಗಡಿಯವರು ಮೇಲಿನ ತೊಟ್ಟಿಯನ್ನು ಬೆಸುಗೆ ಬಿಡಿಸಿ ತೆಗೆದು, ಒಂದೊಂದು ಕೊಳವೆಗೂ ತೆಳುವಾದ ಪಟ್ಟಿಯನ್ನು ತೂರಿಸಿ ಕಟ್ಟಿಕೊಂಡದ್ದನ್ನು ಕೆರೆದು ಮತ್ತೆ ಬೆಸೆದುಕೊಟ್ಟರು. ಖರ್ಚು ಎರಡೂವರೆ ಸಾವಿರ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿಯೂ ಮುಳ್ಳು ಈಗ ಮಧ್ಯದಿಂದ ಸ್ವಲ್ಪವೇ ಮೇಲೇರಿ ನಿಲ್ಲುತ್ತದೆ. ನಲ್ಲಿಯ ನೀರು ತುಂಬಬಾರದು, ಬೋರ್‌ವೆಲ್ ನೀರನ್ನಂತೂ ಮುಟ್ಟಿಸಲೇಬಾರದು, ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ಹಾಕಬೇಕೆಂಬುದು ಅಂದಿನಿಂದ ನಾನು ತಪ್ಪದೆ ಪಾಲಿಸುವ ನಿಯಮ.

ಆಯಿಲ್ ವಿಷಯಕ್ಕೆ ಮರಳಿದರೆ, ಈ ಇಂಜಿನ್ನಿಗೆ ಬೇಕಾದದ್ದು 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್. ನಮ್ಮ ಹಳೆಯ ಮೋಟಾರ್ ಸೈಕಲ್ಲುಗಳ ದೆಸೆಯಿಂದ ಅದು ಬೆಂಗಳೂರಿನ ಎಲ್ಲ ಆಯಿಲ್ ಅಂಗಡಿಗಳಲ್ಲೂ ಸಿಗುತ್ತದೆ. ಯಜಮಾನರು 5,000 ಕಿಲೋಮೀಟರಿಗೆ ಇಲ್ಲವೇ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಅದನ್ನು ಬದಲಾಯಿಸುತ್ತಾರೆ. ಫಿಲ್ಟರ್ ಇಂದಿನಂತೆ ತಿರುಗಿಸಿ ಹಾಕುವ ಡಬ್ಬಿಯಲ್ಲ. ಲೋಹದ ಕವಚದೊಳಗೆ ಕೂರುವ ಎಲಿಮೆಂಟ್. ಕವಚ ಕೂರುವ ತೋಡಿನಲ್ಲಿ ಹಳೆಯ ರಬ್ಬರ್ ಉಂಗುರ ಅಂಟಿಕೊಂಡಿರುತ್ತದೆ, ಅದನ್ನು ಸೂಜಿಯಿಂದ ಎಬ್ಬಿಸಿ ತೆಗೆಯದೆ ಹೊಸದನ್ನು ಅದರ ಮೇಲೆಯೇ ಕೂರಿಸಿದರೆ ಎಣ್ಣೆ ಸೋರುತ್ತದೆ. ನನ್ನ ಕಾರಿನ ಕಲ್ಲುಹಾಸಿನ ಕಲೆಗಳಿಗೆ ತೆಳು ಆಯಿಲಿನ ಜೊತೆಗೆ ಇದೂ ಕಾರಣವಾಗಿತ್ತು. ಒಳಗೆ ಎರಡು ಉಂಗುರಗಳು ಸಿಕ್ಕವು. ಈಗ ಬಿಸಿ ಇಂಜಿನ್ ಓಡುತ್ತಿರುವಾಗ ಪ್ರೆಶರ್ 55ರಿಂದ 60ರ ನಡುವೆ, ಐಡಲಿನಲ್ಲಿ 20ರ ಆಸುಪಾಸಿನಲ್ಲಿದೆ.

ಗ್ರೀಸ್ ಕೆಲಸವನ್ನು ಅವರು ನನಗೇ ವಹಿಸಿದ್ದಾರೆ. ಮುಂದಿನ ಪ್ರತಿ ಚಕ್ರದ ಕಿಂಗ್ ಪಿನ್ನಿನ (ಚಕ್ರ ಎಡಬಲಕ್ಕೆ ತಿರುಗುವ ಗೂಟದ) ಬಳಿ ಗ್ರೀಸ್ ತುಂಬುವ ಮೂರು ಮೂರು ನಿಪ್ಪಲ್‌ಗಳಿವೆ, ಜೊತೆಗೆ ಪ್ರೊಪೆಲ್ಲರ್ ಶಾಫ್ಟಿನವೂ ಹ್ಯಾಂಡ್‌ಬ್ರೇಕ್ ಕೇಬಲ್ಲಿನದೂ ಇವೆ. ಜ್ಯಾಕ್ ಹಾಕಿ ಚಕ್ರವನ್ನು ನೆಲದಿಂದ ಎತ್ತಿಯೇ ಗ್ರೀಸ್ ತುಂಬಬೇಕು, ಇಲ್ಲವಾದರೆ ಭಾರ ಬಿದ್ದ ಕಡೆಗೆ ಗ್ರೀಸ್ ಇಳಿಯುವುದಿಲ್ಲ. ಎರಡು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಾಕು. ಸಾವಿರ ರೂಪಾಯಿಯೊಳಗೆ ಸಿಗುವ ಗ್ರೀಸ್ ಗನ್ನಿನಿಂದ ಉಳಿಯುವುದು ಕಿಂಗ್ ಪಿನ್ ಬದಲಾಯಿಸುವ ದೊಡ್ಡ ಖರ್ಚು.

ಬ್ರೇಕಿನ ವಿಷಯದಲ್ಲಿ ಮಾತ್ರ ಅವರು ನನ್ನ ಕೈಗೆ ಏನನ್ನೂ ಬಿಟ್ಟಿಲ್ಲ, ಅದು ಸರಿಯೂ ಹೌದು. ಆ ಕಾಲದ ಎಂಜಿಬಿಯಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾಲ್ಕೂ ಚಕ್ರಗಳಿಗೆ ಒಂದೇ ಸರ್ಕ್ಯೂಟ್. ಎಲ್ಲಿಯಾದರೂ ಒಂದು ಕಡೆ ಸೋರಿದರೆ ಇಡೀ ಬ್ರೇಕೇ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ. ಆದ್ದರಿಂದ ಪ್ರತಿ ಸಲ ಕಾರು ತೆಗೆಯುವ ಮೊದಲು ಬ್ರೇಕ್ ಆಯಿಲಿನ ಡಬ್ಬಿಯ ಮಟ್ಟವನ್ನು ನೋಡಬೇಕು, ಹಿಂದಿನ ಚಕ್ರಗಳ ಒಳಬದಿಯಲ್ಲಿ ತೇವವಿದೆಯೇ ಎಂದು ಬೆರಳಾಡಿಸಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದನ್ನು ತುಂಬಬೇಕು. ಕಾರು ಓಡಿರಲಿ, ಓಡದಿರಲಿ, ಈ ಗಡುವು ಬದಲಾಗುವುದಿಲ್ಲ.

ಇನ್ನು ಪೆಟ್ರೋಲ್. ಹಳೆಯ ಕಾರಿನ ಮಾಲೀಕರು ಇಂದು ಹೆಚ್ಚು ಚಿಂತಿಸುತ್ತಿರುವುದು ಇದನ್ನೇ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿಯೇ, ಇಂಧನ ಸಪ್ತಾಹದ ಸಭೆಯಲ್ಲಿ. 1966ರಲ್ಲಿ ತಯಾರಾದ ರಬ್ಬರ್ ಪೈಪುಗಳಿಗೆ ಎಥನಾಲ್ ಆಗದು. ಅವು ಮೆತ್ತಗಾಗಿ ಒಳಗಿನಿಂದಲೇ ಉದುರತೊಡಗುತ್ತವೆ, ಬಿಸಿ ಎಕ್ಸಾಸ್ಟಿನ ಪಕ್ಕದಲ್ಲಿಯೇ ಹಾದುಹೋಗುವ ಪೈಪು ಸೋರಿದರೆ ಬೆಂಕಿಯ ಭಯವಿದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ತುಕ್ಕು ಶುರುವಾಗುತ್ತದೆ. ಯಜಮಾನರು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವ ಆರ್9 ದರ್ಜೆಯವಕ್ಕೆ ಬದಲಾಯಿಸಿ, ಪಂಪಿಗೆ ಮೊದಲು ಪಾರದರ್ಶಕ ಫಿಲ್ಟರೊಂದನ್ನು ಕೂರಿಸಿದರು. ಒಟ್ಟು ಖರ್ಚು ನಾಲ್ಕು ಸಾವಿರ ದಾಟಲಿಲ್ಲ. ಇಂಥ ಕಾರು ಕೊಂಡವರು ಟೈರಿನ ನಂತರ ಮಾಡಿಸಬೇಕಾದ ಮೊದಲ ಕೆಲಸ ಇದೆಂದು ನಾನು ಹೇಳುತ್ತೇನೆ. ಸಾಮಾನ್ಯ ಪೆಟ್ರೋಲ್ ಹಾಕಿದಾಗ ಏರಿನಲ್ಲಿ ಇಂಜಿನ್ ಕಿಣಿಕಿಣಿ ಎನ್ನುತ್ತಿತ್ತು. ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಹಾಕಿಸಿ, ಟೈಮಿಂಗನ್ನು ಒಂದೆರಡು ಡಿಗ್ರಿ ಹೊಂದಿಸಿದ ಮೇಲೆ ನಂದಿ ಬೆಟ್ಟದ ತಿರುವುಗಳಲ್ಲಿಯೂ ಆ ಸದ್ದು ಕೇಳಿಸುತ್ತಿಲ್ಲ.

ಗ್ಯಾರೇಜಿನ ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಎಲ್ಲಕ್ಕಿಂತ ಗಂಭೀರವಾದದ್ದು ಕಳೆದ ಸೆಪ್ಟೆಂಬರಿನಲ್ಲಿ ನಡೆಯಿತು. ನನ್ನ ಕಾರಿನದು ತಂತಿ ಸ್ಪೋಕುಗಳ ಚಕ್ರ. ಅದನ್ನು ನಾಲ್ಕು ನಟ್ಟುಗಳ ಬದಲು ಮಧ್ಯದಲ್ಲಿ ಒಂದೇ ದೊಡ್ಡ ರೆಕ್ಕೆಯ ನಟ್ಟು ಹಿಡಿದಿರುತ್ತದೆ. ಎಡಬದಿಯ ನಟ್ಟುಗಳಿಗೆ ಸಾಮಾನ್ಯ ತಿರುಪು, ಬಲಬದಿಯವಕ್ಕೆ ಉಲ್ಟಾ ತಿರುಪು, ಎರಡನ್ನೂ ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು. ಸರ್ವಿಸ್ ಮುಗಿಸಿ ತಂದ ಮರುದಿನ ಕನಕಪುರ ರಸ್ತೆಯಲ್ಲಿ ಹೋಗುವಾಗ ಮುಂದಿನ ಬಲಚಕ್ರದಿಂದ ಟಕ್ ಟಕ್ ಎಂಬ ಸದ್ದು ಬಂತು. ನಿಲ್ಲಿಸಿ ನೋಡಿದರೆ ನಟ್ಟು ಕೈಯಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಹೊಸದಾಗಿ ಸೇರಿದ್ದ ಹುಡುಗ ಚಕ್ರ ಕೂರಿಸಿ ಬಡಿಯುವುದನ್ನು ಮರೆತಿದ್ದ, ಯಜಮಾನರು ಪರಿಶೀಲಿಸಿರಲಿಲ್ಲ. ಫೋನ್ ಮಾಡಿದ ಮುಕ್ಕಾಲು ಗಂಟೆಯಲ್ಲಿ ಅವರೇ ಸ್ಕೂಟರಿನಲ್ಲಿ ಸುತ್ತಿಗೆ ಹಿಡಿದು ಬಂದರು. ನೆಪ ಹೇಳಲಿಲ್ಲ, "ತಪ್ಪು ನಮ್ಮದೇ ಸಾರ್, ನಾನು ನೋಡಬೇಕಿತ್ತು" ಎಂದರು. ಚಕ್ರ ಬಿಚ್ಚಿ, ಹಬ್ಬಿನ ಹಲ್ಲುಗಳು ಸವೆದಿಲ್ಲವೆಂದು ನನಗೆ ತೋರಿಸಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿದರು. ಅಂದಿನಿಂದ ಕಾರು ಕೊಡುವ ಮೊದಲು ನಾಲ್ಕೂ ಚಕ್ರಗಳ ನಟ್ಟುಗಳನ್ನು ನನ್ನೆದುರಿಗೇ ಬಡಿಯುತ್ತಾರೆ. ನಾನೂ ಡಿಕ್ಕಿಯಲ್ಲಿ ಒಂದು ತಾಮ್ರದ ಸುತ್ತಿಗೆಯನ್ನು ಇಟ್ಟುಕೊಂಡಿದ್ದೇನೆ. ಅವರ ನಡತೆಗೆ ನನ್ನ ಮೆಚ್ಚುಗೆಯಿದೆ, ಆದರೆ ಆ ದಿನ ನನ್ನ ಪಕ್ಕದಲ್ಲಿ ಮಗಳು ಕುಳಿತಿದ್ದಳು ಎಂಬುದನ್ನು ನಾನು ಮರೆಯಲಾರೆ, ವಿಮರ್ಶೆಯಿಂದ ಬಿಡಲೂ ಆರೆ.

ಎರಡನೆಯ ಕೊರತೆ ಕಾಲದ್ದು. ಅವರು ಹೇಳಿದ ದಿನಕ್ಕೆ ಕಾರು ಸಿಕ್ಕಿದ್ದು ಐದರಲ್ಲಿ ಎರಡು ಸಲ. ಬಿಡಿಭಾಗಗಳ ವಿಷಯದಲ್ಲಿ ತಪ್ಪು ಪೂರ್ತಿ ಅವರದಲ್ಲ. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರಾದ್ದರಿಂದ ಅದರ ಬಹುಪಾಲು ಭಾಗಗಳು ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ಸಿಗುತ್ತವೆ, ಆದರೆ ಅಲ್ಲಿಂದ ತರಿಸುವಾಗ ಸಾಗಣೆ ಮತ್ತು ಸುಂಕ ಸೇರಿ ಬೆಲೆ ಎರಡು ಪಟ್ಟಿನ ಹತ್ತಿರ ಹೋಗುತ್ತದೆ, ಹಿಂದಿನ ಚಕ್ರದ ಬ್ರೇಕ್ ಸಿಲಿಂಡರಿಗೆ ನಾನು ಒಂಬತ್ತು ವಾರ ಕಾದೆ. ಆ ಅವಧಿಯಲ್ಲಿ ಯಾವುದೋ ಕಾರಿನ ಸಿಲಿಂಡರನ್ನು ತಿದ್ದಿ ಕೂರಿಸುವುದು ಅವರಿಗೆ ಸುಲಭವಿತ್ತು. ಬ್ರೇಕಿನಲ್ಲಿ ಅಂಥ ಕೆಲಸ ಮಾಡುವುದಿಲ್ಲವೆಂದು ಕಾರನ್ನು ಹಾಗೆಯೇ ನಿಲ್ಲಿಸಿದರು. ಆದರೆ ಕೆಲಸ ತಡವಾಗುತ್ತದೆಂದು ಮುಂಚಿತವಾಗಿ ತಿಳಿಸುವ ಅಭ್ಯಾಸ ಅವರಿಗಿಲ್ಲ, ಪ್ರತಿ ಸಲ ನಾವೇ ಕೇಳಬೇಕು. ಡೈನಮೊ, ವೈರಿಂಗ್ ಕೆಲಸಗಳನ್ನು ಅವರು ಬೇರೆಯವರಿಗೆ ಕಳುಹಿಸುತ್ತಾರೆ, ಸೀಟು ಮತ್ತು ಹುಡ್ಡಿನ (ಮಡಚುವ ಛಾವಣಿಯ) ಕೆಲಸ ಅಲ್ಲಿ ಆಗುವುದೇ ಇಲ್ಲ. ಮಳೆಗಾಲದಲ್ಲಿ ಹುಡ್ ಸೋರುವ ಕಾರನ್ನು ಅಲ್ಲಿ ರಾತ್ರಿ ಬಿಡುವುದಾದರೆ ಟಾರ್ಪಾಲಿನನ್ನು ನೀವೇ ಒಯ್ಯಬೇಕು.

ಖರ್ಚಿನ ಲೆಕ್ಕ ಕೇಳುವವರಿಗಾಗಿ ಇಷ್ಟು ಹೇಳುತ್ತೇನೆ. ಆಯಿಲ್, ಫಿಲ್ಟರ್, ಪ್ಲಗ್, ಪಾಯಿಂಟ್, ಟ್ಯಾಪೆಟ್, ಕಾರ್ಬ್ಯುರೇಟರ್ ಸೇರಿದ ಸಾಧಾರಣ ಸರ್ವಿಸಿಗೆ ಕೂಲಿ ಮೂರೂವರೆ ಸಾವಿರ, ಸಾಮಾನಿನ ಬೆಲೆ ಬೇರೆ. ಟೈರುಗಳನ್ನು ಬಿಟ್ಟರೆ ಹದಿನಾಲ್ಕು ತಿಂಗಳಲ್ಲಿ ನಾನು ಅವರಿಗೆ ಕೊಟ್ಟದ್ದು 58,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲೆಂಡಿನಿಂದ ಬಂದ ಭಾಗಗಳದ್ದು. ಹಳೆಯ ಭಾಗಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಹಿಂದಿರುಗಿಸುತ್ತಾರೆ, ಯಾವುದು ಏಕೆ ಹೋಯಿತೆಂದು ಹೇಳುತ್ತಾರೆ. ಆ ಹೊತ್ತನ್ನು ಅವರು ಬಿಲ್ಲಿನಲ್ಲಿ ಸೇರಿಸುವುದಿಲ್ಲ.

ಕಾರನ್ನು ಕೀಲಿ ಕೊಟ್ಟು ಮರೆತುಬಿಡಲು ಬಯಸುವವರಿಗೆ ಈ ಗ್ಯಾರೇಜು ಹೊಂದುವುದಿಲ್ಲ. ಅಲ್ಲಿ ಸ್ಟೂಲೊಂದರ ಮೇಲೆ ಕುಳಿತು ಅರ್ಧ ದಿನ ಕಳೆಯಲು, ಕೈ ಮಸಿ ಮಾಡಿಕೊಳ್ಳಲು ಮನಸ್ಸಿರಬೇಕು. ಕಾರನ್ನು ಅಪರೂಪಕ್ಕೆ ಮಾತ್ರ ತೆಗೆಯುವವರೂ ಅವರ ಮಾತು ಕೇಳಿಸಿಕೊಳ್ಳಬೇಕಾಗುತ್ತದೆ. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಂತೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ಪಡೆಯಬಹುದು, ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು. ನನ್ನದು ಐದು ವರ್ಷಕ್ಕೊಮ್ಮೆ ನವೀಕರಿಸುವ ಹಳೆಯ ನೋಂದಣಿಯಲ್ಲೇ ಇರುವುದರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಮೂವತ್ತು ಕಿಲೋಮೀಟರ್ ಓಡಿಸಬೇಕೆಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದಾರೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಓಡಿಸಿದಂತಾಗುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿಯೂ ಇಂಜಿನ್ ತಳದ ಎಣ್ಣೆ ತೊಟ್ಟಿಯಲ್ಲಿಯೂ ನೀರು ಕೂಡಿಕೊಳ್ಳುತ್ತದೆ.

ಬ್ಯಾಟರಿಯ ಮುಚ್ಚಳದ ಮೇಲೆ ಅವರು ಕೆಂಪು ಬಣ್ಣದಲ್ಲಿ ದಪ್ಪ ಅಕ್ಷರಗಳಲ್ಲಿ 'ಪ್ಲಸ್ ಅರ್ತ್' ಎಂದು ಕನ್ನಡದಲ್ಲಿ ಬರೆದಿದ್ದಾರೆ. ಮುಂದಿನ ಸರ್ವಿಸ್ ದೀಪಾವಳಿಯ ನಂತರ. ಹಿಂದಿನ ಆಕ್ಸಲ್ಲಿನ ಎಣ್ಣೆ ಬದಲಾಯಿಸುವುದು, ಶಾಕ್ ಅಬ್ಸಾರ್ಬರುಗಳಿಗೆ ಎಣ್ಣೆ ಏರಿಸುವುದು, ಎಡಗಡೆಯ ಕಿಂಗ್ ಪಿನ್ನಿನ ಆಟ ಎಷ್ಟಾಗಿದೆಯೆಂದು ಮತ್ತೊಮ್ಮೆ ಅಳೆಯುವುದು, ಈ ಮೂರು ಕೆಲಸಗಳನ್ನು ಅವರು ಈಗಾಗಲೇ ತಮ್ಮ ಪುಸ್ತಕದ ನಾಲ್ಕನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ.